ನೂರು ಕಾಳಿನಲ್ಲಿ ಮೂರು

ಗಜೇಂದ್ರಗಡ
20 ಫೆಬ್ರುವರಿ 2025

ಅಕ್ಕ ಅಡಿವೆವ್ವನಿಗೆ ತಮ್ಮ ಕಳಕಪ್ಪನ ನಮಸ್ಕಾರ.

ಕವರಿನ ಮೇಲಿನ ಅಕ್ಷರ ಕಂಡ ಕೂಡಲೇ ನೀನು ಇದನ್ನು ಒಲೆಗೆ ಹಾಕುವವಳು. ಹಾಕುವ ಮೊದಲು ಒಂದು ಮಾತು ಕೇಳು. ಐದೂವರೆ ವರ್ಷದ ಹಿಂದೆ ನೀನು ಎಲ್ಲವ್ವನ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದ್ದು ಹೀಗೆ: "ಇನ್ನ ಮ್ಯಾಲ ಈ ಕಳಕ್ಯಾನ ಕೂಡ ಬಾಯಿಬಿಟ್ಟ ಮಾತಾಡಿದ್ರ ಎಲ್ಲವ್ವ ನನ್ನ ನಾಲಗಿ ಸೇದಲಿ." ಕಾಗದ ಬರೆದರೆ ಕೈ ಸೇದಿ ಮರಗಟ್ಟಲಿ ಎಂದು ನೀನು ಹೇಳಲಿಲ್ಲ. ಮೂವತ್ತೆರಡು ವರ್ಷ ಸಾಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನಿಗೆ ಇಷ್ಟು ಸಂದು ಸಾಕು.

ಬರೆಯುತ್ತಿರುವ ಕಾರಣ ಇದು. ಡಿಸೆಂಬರ್ ಕೊನೆಯಲ್ಲಿ ಆಕಾಶದಲ್ಲಿ ಒಂದು ಕಲ್ಲು ಕಂಡಿದೆ. ಕ್ಷುದ್ರಗ್ರಹ ಎನ್ನುತ್ತಾರೆ. ನಾಲ್ಕೈದು ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಎಷ್ಟುದ್ದವೋ ಅಷ್ಟು ದೊಡ್ಡದು. ಅದು 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯಬಹುದಂತೆ. ಬಡಿದರೆ ಒಂದು ಇಡೀ ಶಹರ ಅಳಿಸಿಹೋಗುತ್ತದೆ. ಎಲ್ಲಿ ಬಡಿಯಬಹುದು ಎಂದು ನಕಾಶೆಯ ಮೇಲೆ ಗೆರೆ ಎಳೆದಿದ್ದಾರೆ. ಆ ಗೆರೆ ಅಮೆರಿಕದ ಕೆಳಗಿನ ತುಂಡಿನಿಂದ ಹೊರಟು ಆಫ್ರಿಕ ದಾಟಿ ನಮ್ಮ ದೇಶದ ಮೇಲೂ ಹಾದುಹೋಗುತ್ತದೆ. ಮೊನ್ನೆ ಮಂಗಳವಾರದ ಲೆಕ್ಕದ ಪ್ರಕಾರ ಬಡಿಯುವ ಸಾಧ್ಯತೆ ನೂರಕ್ಕೆ ಮೂರು. ಮಗಳು ರೂಪಾ ಫೋನಿನಲ್ಲಿ ತೋರಿಸಿದಾಗ ನಾನು ಅಂಗಳದಲ್ಲಿ ಚಹಾ ಕುಡಿಯುತ್ತಿದ್ದೆ. ಚಹಾ ಆರಿಹೋಯಿತು. ಆ ಹೊತ್ತಿಗೆ ನನಗೆ ನೆನಪಾದದ್ದು ನೀನು. ಸುಳ್ಳು ಹೇಳುವುದಿಲ್ಲ, ಹೆದರಿಕೆಯೂ ಆಯಿತು.

ಇನ್ನೊಂದು ಮಾತು. ನಿನ್ನ ಯಜಮಾನ, ನಮ್ಮ ಪರಶಪ್ಪ ಮಾವ 2019ರ ನೆರೆಯಲ್ಲಿ ಹೋದ ಮೇಲೂ ನೀನು ಒಬ್ಬಳೇ ಹೊಳೆದಂಡೆಯ ಆ ಮನೆಯಲ್ಲಿದ್ದೀ. ನಿಮ್ಮ ಓಣಿಯವರೆಲ್ಲ ದಿನ್ನೆಯ ಮೇಲೆ ಸರಕಾರ ಕಟ್ಟಿಕೊಟ್ಟ ಹೊಸ ಮನೆಗಳಿಗೆ ಏರಿದರು. ಅಲ್ಲಿ ನಿನಗೆ ಕೊಟ್ಟ ಮನೆಯ ಕೀಲಿ ಪಂಚಾಯ್ತಿಯ ಮೊಳೆಗೆ ತೂಗಾಡುತ್ತಿದೆಯಂತೆ. ಈ ಮಳೆಗಾಲ ಬರುವುದರೊಳಗೆ ಮೇಲೇರು, ಅಕ್ಕ.

ನಿನ್ನ ತಮ್ಮ,
ಕಳಕಪ್ಪ


ಹೊಳೆದಂಡೆ ಓಣಿ, ಕೊಣ್ಣೂರು
1 ಮಾರ್ಚ್ 2025

ತಮ್ಮ ಕಳಕಪ್ಪನಿಗೆ,

ಕಾಗದ ಒಲೆಗೆ ಹಾಕಲಿಲ್ಲ. ಗ್ಯಾಸಿನ ಮೇಲೆ ಅಡುಗೆ ಮಾಡುತ್ತೇನೆ, ಒಲೆ ಎಲ್ಲಿದೆ? ಅಪ್ಪ ನನ್ನನ್ನು ನಾಲ್ಕನೇ ಇಯತ್ತೆಗೆ ಸಾಲಿ ಬಿಡಿಸಿದ ಮೇಲೆ ನೀನೇ ಕೂರಿಸಿಕೊಂಡು ಓದಲು ಬರೆಯಲು ಕಲಿಸಿದೆ. ನಾಲ್ಕು ವರ್ಷ ಚಿಕ್ಕವನಾದರೂ ಅಕ್ಕನ ಕಿವಿ ಹಿಂಡಿದೆ. ಕಾಗದದಲ್ಲಿ ಪುಸ್ತಕದ ಕನ್ನಡವನ್ನೇ ಬರೆಯಬೇಕು ಎಂದಿದ್ದೆ. ಅದರಂತೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ಕೆಂಪು ಶಾಯಿ ಹಾಕಿಕೋ.

ನೂರಕ್ಕೆ ಮೂರು ಎಂದು ಹೆದರಿ ಚಹಾ ಆರಿಸಿಕೊಂಡೆಯಾ? ರೋಹಿಣಿ ಮಳೆಗೆ ಮೊದಲು ನಾನು ಪ್ರತಿ ವರ್ಷ ಹೆಸರು ಬೀಜ ನೋಡುವುದು ನಿನಗೆ ಗೊತ್ತಿಲ್ಲವೇ? ನೂರು ಕಾಳು ಎಣಿಸಿ, ಒದ್ದೆ ಗೋಣಿಚೀಲದ ತುಂಡಿನಲ್ಲಿ ಸುತ್ತಿ, ನಾಲ್ಕು ದಿನ ಮೂಲೆಯಲ್ಲಿ ಇಡುವುದು. ತೊಂಬತ್ತು ಮೊಳೆತರೆ ಚಲೋ ಬೀಜ. ಎಪ್ಪತ್ತು ಮೊಳೆತರೆ ಸ್ವಲ್ಪ ದಟ್ಟ ಬಿತ್ತಬೇಕು. ಮೂರು ಮೊಳೆತರೆ ಆ ಚೀಲ ಕೋಳಿಗೆ. ನೀನು ಲೆಕ್ಕ ಕಲಿಸುವ ಮಾಸ್ತರ, ನಾನು ಹೊಲದವಳು. ನಮ್ಮಿಬ್ಬರಲ್ಲಿ ಯಾರಿಗೆ ನೂರು ಎಂದರೆ ಗೊತ್ತು? ಮೂರು ಕಾಳು ಬಂದು ಬಡಿಯುತ್ತವೆ ಎಂದು ಅತ್ತರೆ ತೊಂಬತ್ತೇಳು ಕಾಳು ನಗುತ್ತವೆ.

ನೀನು ಹೆದರಿದ ಸುದ್ದಿಯನ್ನು ಕಟ್ಟೆಯ ಮೇಲೆ ಹೇಳಿದೆ. ಓಣಿಯ ಹಿರಿಯಳು ಹೊಳೆವ್ವ ಅಂದಳು: "ಆ ಕಲ್ಲಿಗೆ ಬೀಳಾಕ ನಮ್ಮ ಊರ ಆಗಬೇಕೇನ? ಬಸ್ಸ ಸೈತ ದಿನಾ ಬರೂದಿಲ್ಲ ಇಲ್ಲಿಗೆ." ಎಲ್ಲರೂ ನಕ್ಕರು.

ಇನ್ನು "ಹೋದ ಮೇಲೆ" ಎಂದು ಬರೆದಿದ್ದೀಯ. ಅದನ್ನು ಹೊಡೆದುಹಾಕಿ "ಕಾಣೆಯಾದ ಮೇಲೆ" ಎಂದು ಬರೆದುಕೋ. ನಾನು ಈ ಮನೆ ಬಿಟ್ಟು ಏಳುವುದಿಲ್ಲ. ಯಾಕೆಂದು ನಿನಗೆ ಗೊತ್ತು.

ಅಡಿವೆವ್ವ


ಗಜೇಂದ್ರಗಡ
10 ಮಾರ್ಚ್ 2025

ಅಕ್ಕ,

ಗೆದ್ದವಳು ನೀನು. ನಿನ್ನ ಕಾಗದ ನನ್ನ ಕೈ ಸೇರುವ ಮೊದಲೇ ಆ ಮೂರೂ ಕಾಳು ಒಣಗಿದವು. ಈಗ ಭೂಮಿಗೆ ಬಡಿಯುವುದಿಲ್ಲ ಎಂದೇ ಹೇಳುತ್ತಿದ್ದಾರೆ. ಚಂದ್ರನಿಗೆ ಬಡಿಯುವ ಸಂಭವ ಮಾತ್ರ ಚೂರು ಉಳಿದಿದೆ.

ಹೇಗೆ ಒಣಗಿದವು ಎಂದು ರೂಪಾಳಿಂದ ಓದಿಸಿ ತಿಳಿದುಕೊಂಡೆ. ತಪ್ಪಿಸಿಕೊಂಡು ಹೋದ ಎತ್ತನ್ನು ನೆನೆಸಿಕೋ. ಎರಡು ಗೊರಸಿನ ಗುರುತು ಮಾತ್ರ ಸಿಕ್ಕರೆ ಅದು ಶಿರೋಳಕ್ಕೆ ಹೋಯಿತೋ ನರಗುಂದಕ್ಕೆ ಹೋಯಿತೋ ಯಾರೂ ಹೇಳಲಾರರು. ಇಪ್ಪತ್ತು ಗುರುತು ಸಿಕ್ಕರೆ ದಾರಿ ಗೊತ್ತಾಗುತ್ತದೆ. ಕಲ್ಲಿನದೂ ಹಾಗೆಯೇ. ಅದು ದೂರ ಓಡುತ್ತಿತ್ತು, ದಿನದಿನಕ್ಕೆ ಮಸುಕಾಗುತ್ತಿತ್ತು. ಆದರೂ ದೇಶದೇಶದ ದುರ್ಬೀನಿನವರು ಸರದಿಯ ಮೇಲೆ ಎರಡು ತಿಂಗಳು ಅದನ್ನು ನೋಡಿದರು. ವರ್ಷಗಳ ಹಿಂದೆ ತೆಗೆದ ಚಿತ್ರಗಳಲ್ಲೂ ಹುಡುಕಿದರು. ಅಲ್ಲಿ ಸಿಗಲಿಲ್ಲ, ಆದರೂ ಬಿಡಲಿಲ್ಲ. ನೋಡಿ ನೋಡಿಯೇ ದಾರಿ ಕಂಡುಕೊಂಡರು.

ಈಗ ನನ್ನ ಸರದಿ. ನಿನ್ನ ಲೆಕ್ಕವನ್ನೇ ಹಿಡಿದು ಕೇಳುತ್ತೇನೆ. 2007ರಿಂದ ಹೋದ ವರ್ಷದವರೆಗೆ ಹದಿನೆಂಟು ಮಳೆಗಾಲ. ಅದರಲ್ಲಿ ನಿನ್ನ ಪಡಸಾಲೆಗೆ ಹೊಳೆ ಬಂದದ್ದು ನಾಲ್ಕು ಸಲ. ನೂರು ಕಾಳಿಗೆ ಇಪ್ಪತ್ತೆರಡು ಆಯಿತು. ಆಕಾಶದ ಕಲ್ಲು ಮೂರೆಂದು ನನ್ನನ್ನು ನೋಡಿ ನಕ್ಕೆ. ಬಾಗಿಲ ಮುಂದಿನ ಹೊಳೆ ಇಪ್ಪತ್ತೆರಡೆಂದರೆ ಯಾಕೆ ನಗುವುದಿಲ್ಲ, ಯಾಕೆ ಏಳುವುದಿಲ್ಲ?

ಕಳಕಪ್ಪ


ಕೊಣ್ಣೂರು
22 ಮಾರ್ಚ್ 2025

ಕಳಕಪ್ಪನಿಗೆ,

ನಿನ್ನ ಕಾಗದವನ್ನು ಎಂಟು ದಿನ ಜಗುಲಿಯ ಮೇಲೆ ಇಟ್ಟುಕೊಂಡು ಓದಿದೆ. ಹೊಳೆಯ ಲೆಕ್ಕ ಸರಿಯಾಗಿದೆ. ಅದರ ಬಗ್ಗೆ ಜಗಳವಿಲ್ಲ. ಎತ್ತಿನ ಗೊರಸಿನ ಮಾತು ಮಾತ್ರ ನನ್ನ ಹೊಟ್ಟೆಯಲ್ಲಿ ನಿಂತುಬಿಟ್ಟಿದೆ.

ಅವರು ಆಕಾಶದ ಒಂದು ಕಲ್ಲನ್ನು ಎರಡು ತಿಂಗಳು ನೋಡಿದರು. ನೀನು ನಿನ್ನ ಮಾವನನ್ನು ಎರಡು ದಿನ ನೋಡಿದೆ.

ಇದನ್ನು ಬರೆದೇ ಹೇಳಬೇಕಾಗಿತ್ತು, ಹೇಳಿದೆ. ಈಗ ಮುಂದೆ ಕೇಳು. ಆ ಆಗಸ್ಟಿನ ಮುಂಜಾನೆ, ಊರಿಗೆ ಬಂದಿದ್ದ ನೀನೂ ಸೇರಿ ನಾವೆಲ್ಲ ಸಾಲಿಯ ಮಾಳಿಗೆ ಏರಿದ ಮೇಲೆ ಅವರನ್ನು ತಿರುಗಿ ಮನೆಗೆ ಕಳಿಸಿದವಳು ನಾನು. "ತೊಲಿಗೆ ಕಟ್ಟಿದ ಜ್ವಾಳದ ಬೀಜದ ಗಂಟ ತರ್ರಿ, ಹಿಂಗಾರಿಗೆ ಏನ ಬಿತ್ತೋಣು" ಅಂದೆ. ಮೊಣಕಾಲುಮಟ್ಟ ನೀರಿತ್ತು. ಅವರು ನಕ್ಕು, "ಹಿಂಗ ಹೋಗಿ ಹಂಗ ಬಂದೆ" ಅಂದರು. ಹದಿಮೂರನೇ ದಿನ ನೀನು ಹೊಳೆವ್ವನನ್ನು ಕರೆದು ತಂದು ನನ್ನ ಬಳೆ ತೆಗೆಸಲು ನಿಂತೆ. ನಾನು ಕೈ ಹಿಂದಕ್ಕೆ ಎಳೆದುಕೊಂಡಾಗ ಎಲ್ಲರ ಎದುರಿಗೆ ನೀನು ಅಂದೆ: "ನೀನ ಕಳಿಸಿದಿ. ಈಗ ಬಳಿ ಇಟಗೊಂಡ ಏನ ಮಾಡ್ತಿ?" ಕಳಿಸಿದ್ದು ಖರೆ. ಆದರೆ ಹೆಣವಿಲ್ಲ, ಗುರುತಿಲ್ಲ, ಪೂರ್ತಿ ಹುಡುಕಿದವರಿಲ್ಲ. ಅಷ್ಟರಲ್ಲೇ ನೀನು ಸೊನ್ನೆ ಬರೆದುಬಿಟ್ಟೆ.

ಮೂರು ಕಾಳಿನ ಚೀಲವನ್ನು ಕೋಳಿಗೆ ಹಾಕು ಎಂದು ನಿನಗೆ ಧಿಮಾಕಿನಿಂದ ಬರೆದೆ. ನನ್ನ ಹತ್ತಿರ ನೂರರಲ್ಲಿ ಒಂದೇ ಕಾಳಿದೆ, ಅದನ್ನು ಐದೂವರೆ ವರ್ಷದಿಂದ ಕೋಳಿಗೆ ಹಾಕಲು ಆಗಿಲ್ಲ. ಅವರು ಎಲ್ಲಿಯೋ ಬದುಕಿದ್ದರೆ, ಬಂದರೆ, ಅವರಿಗೆ ಗೊತ್ತಿರುವುದು ಇದೊಂದೇ ಮನೆ.

ಅದಕ್ಕೆ ನಾನೂ ನೋಡುತ್ತೇನೆ. ಕೊಣ್ಣೂರಿನಿಂದ ಕೆಳಗೆ ಹೊಳೆಯ ಎರಡೂ ದಂಡೆಯ ಊರುಗಳನ್ನು ಹಾಳೆಯ ಮೇಲೆ ಬರೆದಿದ್ದೇನೆ. ಇಪ್ಪತ್ತಾರು ಇವೆ. ಮದುವೆಯ ಫೋಟೋ ಬೇಡ, ರೇಷನ್ ಕಾರ್ಡಿನ ಫೋಟೋವನ್ನು ದೊಡ್ಡದು ಮಾಡಿಸಿದ್ದೇನೆ. ಮುಂಗಾರು ಹಿಡಿಯುವುದರೊಳಗೆ ಇಪ್ಪತ್ತಾರೂ ಊರಿಗೆ ಹೋಗಿ ಮನೆಮನೆಗೆ ಕೇಳುತ್ತೇನೆ. ಸಿಕ್ಕರೆ ಕರೆತರುತ್ತೇನೆ. ಇಲ್ಲವೆಂದು ನನಗೆ ನಾನೇ ತಿಳಿದರೆ ನಾನೇ ಹೇಳುತ್ತೇನೆ, ಆವತ್ತು ದಿನ್ನೆ ಏರುತ್ತೇನೆ. ಸೊನ್ನೆ ಬರೆಯುವ ಕೈ ನನ್ನದಾಗಬೇಕು.

ಅಡಿವೆವ್ವ


ಗಜೇಂದ್ರಗಡ
31 ಮಾರ್ಚ್ 2025

ಅಕ್ಕ,

ನಿನ್ನೆ ಯುಗಾದಿ. ಬೇವು-ಬೆಲ್ಲ ಬಾಯಿಗಿಟ್ಟುಕೊಂಡು ನಿನ್ನ ಕಾಗದವನ್ನು ಮತ್ತೆ ಓದಿದೆ.

ಎರಡು ದಿನ ಎಂದು ನೀನು ಬರೆದದ್ದು ತಪ್ಪು. ಒಂದೂವರೆ ದಿನ. ಎರಡನೆಯ ದಿನ ಮಧ್ಯಾಹ್ನವೇ ನಾನು ಕೈಚೆಲ್ಲಿ ಸಾಲಿಯ ಮಾಳಿಗೆಯ ಮೇಲೆ ಬಂದು ಮಲಗಿದ್ದೆ. ನೀನು ಅದನ್ನು ನೋಡಲಿಲ್ಲ, ನಾನೂ ಹೇಳಲಿಲ್ಲ.

ಗುರುವಾರ ಎಂಟು ಗಂಟೆಗೆ ಕೊಣ್ಣೂರಿನ ಬಸ್ ನಿಲ್ದಾಣದಲ್ಲಿ ಇರುತ್ತೇನೆ. ಮಾತಾಡಿಸುವುದಿಲ್ಲ, ನಿನ್ನ ಆಣೆಗೆ ಭಂಗ ತರುವುದಿಲ್ಲ. ಫೋಟೋ ಹಿಡಿಯಲು ಒಬ್ಬರು ಬೇಕಲ್ಲ.

ಕಳಕಪ್ಪ


ಕೊಣ್ಣೂರು
28 ಏಪ್ರಿಲ್ 2025

ಕಳಕಪ್ಪನಿಗೆ,

ನಾಲ್ಕು ಗುರುವಾರ ಒಂದೇ ಸೀಟಿನಲ್ಲಿ ಕೂತು ಹೋದೆವು, ನಾಲ್ಕು ಗುರುವಾರ ಒಂದೇ ಸೀಟಿನಲ್ಲಿ ಬಂದೆವು. ಬಾಯಿ ಕಟ್ಟಿಕೊಂಡು ಕೂತದ್ದಕ್ಕೆ ಎಷ್ಟೋ ಮಾತು ಉಳಿದವು, ಅವನ್ನು ಇಲ್ಲಿ ಬರೆಯುತ್ತೇನೆ.

ಲಖಮಾಪುರದ ಬಸ್ಸಿನ ಕಂಡಕ್ಟರ್ "ಗಂಡ ಹೆಂಡ್ತಿ ಜಗಳಾಡೀರೇನ್ರಿ?" ಎಂದು ಕೇಳಿದಾಗ ನೀನು ಕಿಡಕಿಯ ಕಡೆ ಮುಖ ತಿರುಗಿಸಿ ನಕ್ಕದ್ದು ನನಗೆ ಗಾಜಿನಲ್ಲಿ ಕಂಡಿತು. ಹೊಳೆಆಲೂರಿನ ಚಹಾದಂಗಡಿಯಲ್ಲಿ ನಾನು ಕಂಬಕ್ಕೆ, "ಕಂಬಪ್ಪಾ, ನಿನಗ ಸಕ್ಕರಿ ಬ್ಯಾನಿ ಐತಿ, ಇಷ್ಟ ಸಿಹಿ ಕುಡೀಬ್ಯಾಡ" ಅಂದೆನಲ್ಲ, ನೀನು ಲೋಟ ಕೆಳಗಿಟ್ಟೆ. ಅಂಗಡಿಯವನು ನನ್ನನ್ನು ನೋಡಿದ ನೋಟ ನೆನೆದರೆ ಇವತ್ತಿಗೂ ನಗು ಬರುತ್ತದೆ. ಬಿಸಿಲಿಗೆ ನಿನ್ನ ಮುಖ ಕಪ್ಪಿಟ್ಟಿದೆ. ಟೋಪಿ ಹಾಕಿಕೋ.

ಹದಿನೇಳು ಊರು ಆದವು. ಹದಿನಾರರಲ್ಲಿ ಏನೂ ಸಿಗಲಿಲ್ಲ. ಹದಿನೇಳನೆಯದು ಮೆಣಸಗಿ. ಅಲ್ಲಿ ನೀನು ನೀರು ಕುಡಿಯಲು ಹೋಗಿದ್ದಾಗ ಒಬ್ಬ ಹೆಣ್ಣುಮಗಳು ನನ್ನ ಕೈ ಹಿಡಿದು ಹೇಳಿದಳು: "ಬದಾಮಿ ಕಡೆ ಒಂದ ಮಠದಾಗ ಒಬ್ಬ ಮುದುಕ ಅದಾನಬೇ. ಹೊಳಿ ಬಂದ ವರ್ಷ ಬಂದ ಸೇರ್ಯಾನ. ಹೆಸರ ಹೇಳೂದಿಲ್ಲ, ಊರ ಹೇಳೂದಿಲ್ಲ. ದನಾ ಕಾಯ್ಕೊಂಡ ಇರ್ತಾನ." ಫೋಟೋ ನೋಡಿ, "ಇದ್ದರೂ ಇರಬಹುದು" ಅಂದಳು.

ಇದನ್ನು ನಿನಗೆ ಆವತ್ತೇ ತಿಳಿಸಲಿಲ್ಲ. ತಿಳಿಸಿದರೆ ನೀನು ಅಲ್ಲಿಂದಲೇ ಓಡುತ್ತಿದ್ದೆ. ನಾಲ್ಕು ದಿನದಿಂದ ಅನ್ನ ಸೇರುತ್ತಿಲ್ಲ. ನಾನು ಎಲ್ಲದಕ್ಕೂ ಗಟ್ಟಿ ಎಂದುಕೊಂಡಿದ್ದೆ. ಆದರೆ ಆ ಮಠದ ಬಾಗಿಲಲ್ಲಿ ನಿಂತು ದನದ ಹಿಂದೆ ಬರುವ ಮುದುಕನನ್ನು ಕಾಯಲು ನನ್ನಿಂದ ಆಗುವುದಿಲ್ಲ. ನೀನು ಹೋಗಿ ಬಾ. ಮಠದ ಹೆಸರು ಈ ಹಾಳೆಯ ಹಿಂಬದಿಯಲ್ಲಿದೆ. ಅವರಾದರೆ, ಜೋಳ ಬೇಡ, ಬೀಜ ಬೇಡ, ಸುಮ್ಮನೆ ಬರ್ರಿ ಅಂದಳು ಎಂದು ಹೇಳು.

ಅಡಿವೆವ್ವ


ಗಜೇಂದ್ರಗಡ
6 ಮೇ 2025

ಅಕ್ಕ,

ಮಾವ ಅಲ್ಲ.

ಇದನ್ನು ಮೊದಲು ಬರೆದೆ, ಇಲ್ಲದಿದ್ದರೆ ನೀನು ಕಣ್ಣು ಕೆಳಗೆ ಓಡಿಸಿ ಹುಡುಕುತ್ತೀಯ. ಆ ಮುದುಕ ಮಾವನಿಗಿಂತ ಒಂದು ಗೇಣು ಎತ್ತರ, ಬೆಕ್ಕಿನ ಕಣ್ಣು. ಫೋಟೋ ಕೊಟ್ಟೆ. ಹಿಡಿದುಕೊಂಡು ಬಹಳ ಹೊತ್ತು ನೋಡಿ, ಯಾರೋ ತನ್ನವರು ಎಂಬಂತೆ ನಕ್ಕು ತಿರುಗಿ ಕೊಟ್ಟ. ಅವನ ಊರಿನ ಗುರುತು ಏನಾದರೂ ಸಿಗುತ್ತದೆಯೇ ಎಂದು ಸಂಜೆಯವರೆಗೆ ಅವನ ಜೊತೆ ಕೂತಿದ್ದೆ. ಸಿಗಲಿಲ್ಲ. ಅವನ ಫೋಟೋವನ್ನೂ ತೆಗೆದುಕೊಂಡು ಬಂದಿದ್ದೇನೆ. ಉಳಿದ ಒಂಬತ್ತು ಊರುಗಳಲ್ಲಿ ಅದನ್ನೂ ತೋರಿಸೋಣ, ಅವನನ್ನೂ ಯಾರೋ ಕಾಯುತ್ತಿರಬಹುದು.

ನಿನಗೆ ಒಂದು ಸಂಗತಿ ಹೇಳಿರಲಿಲ್ಲ. ಆ ಕಲ್ಲನ್ನು ನೋಡತೊಡಗಿದಾಗ ಸಾಧ್ಯತೆ ಇಳಿಯಲಿಲ್ಲ, ಮೊದಲು ಏರಿತು. ಜನವರಿ ಕೊನೆಗೆ ನೂರಕ್ಕೆ ಒಂದು, ಫೆಬ್ರುವರಿಯಲ್ಲಿ ಎರಡು, ಆಮೇಲೆ ಮೂರು. ಅದು ಹಾಯಬಹುದಾದ ಜಾಗ ಕಿರಿದಾಗುತ್ತಾ ಬಂದಿತ್ತು, ಭೂಮಿ ಇನ್ನೂ ಆ ಜಾಗದ ಒಳಗೇ ಇತ್ತು, ಅದಕ್ಕೆ ಏರಿತು. ಇನ್ನಷ್ಟು ನೋಡಿದಾಗ ಭೂಮಿ ಆ ಜಾಗದ ಹೊರಗೆ ಬಿತ್ತು, ನಾಲ್ಕೇ ದಿನದಲ್ಲಿ ಎಲ್ಲ ಇಳಿಯಿತು. ನಿನಗೆ ನಾಲ್ಕು ದಿನ ಅನ್ನ ಸೇರದೆ ಹೋದದ್ದೂ ಅಂಥದೇ ಎಂದುಕೊಂಡೆ. ನೋಡುವುದನ್ನು ಅಲ್ಲಿಗೇ ಬಿಟ್ಟಿದ್ದರೆ ಅವರ ಹತ್ತಿರ ಹೆದರಿಕೆ ಮಾತ್ರ ಉಳಿಯುತ್ತಿತ್ತು. ಒಂಬತ್ತು ಊರು ಇವೆ, ಬಿಡುವುದು ಬೇಡ.

ಇನ್ನು ಆರು ವರ್ಷದಿಂದ ನಾನು ನುಂಗಿಕೊಂಡದ್ದು. "ನೀನ ಕಳಿಸಿದಿ" ಎಂದು ನಾನು ಅಂದದ್ದು ನಿನ್ನ ಮೇಲಿನ ಸಿಟ್ಟಿನಿಂದ ಅಲ್ಲ. ಒಂದೂವರೆ ದಿನಕ್ಕೆ ಕೈಚೆಲ್ಲಿದವನು ನಾನು, ಆ ತಪ್ಪನ್ನು ಹಾಕಲು ನನಗೊಂದು ಹೆಗಲು ಬೇಕಾಗಿತ್ತು. ನಿನ್ನ ಹೆಗಲು ಎದುರಿಗಿತ್ತು. ಬೀಜ ತಾ ಎಂದು ಒಕ್ಕಲುತನದ ಹೆಣ್ಣುಮಗಳು ಹೇಳದೆ ಇನ್ಯಾರು ಹೇಳಬೇಕು? ನೀರು ಮೊಣಕಾಲಿಗೆ ಇತ್ತು ಎಂಬುದು ನನಗೂ ಗೊತ್ತಿತ್ತು, ನಾನೂ ಅಲ್ಲೇ ನಿಂತಿದ್ದೆ, ನಾನೂ ತಡೆಯಲಿಲ್ಲ. ತಪ್ಪಾಯಿತು, ಅಕ್ಕ.

ಕಳಕಪ್ಪ


ಕೊಣ್ಣೂರು
20 ಮೇ 2025

ತಮ್ಮ,

ಉಳಿದ ಒಂಬತ್ತರಲ್ಲಿ ನಾಲ್ಕು ಊರನ್ನು ಇಬ್ಬರೂ ಕೂಡಿ ಮುಗಿಸಿದ್ದೆವು. ಐದನೆಯದಕ್ಕೆ ನಿನ್ನ ಗುರುವಾರ ಬರುವ ತನಕ ನಾನು ಕಾಯಲಿಲ್ಲ. ಭಾನುವಾರ ಒಬ್ಬಳೇ ಹೋದೆ. ಅದಕ್ಕೆ ಸಿಟ್ಟಾಗಬೇಡ, ಪೂರ್ತಿ ಓದು.

ಹೊಳೆಆಲೂರು ದಾಟಿ ಕೆಳಗೆ ಹೊಳೆಯ ಮಗ್ಗುಲಲ್ಲಿ ಒಂದು ಬದನೆ ತೋಟವಿದೆ. ಜಂಗ್ಲಿಸಾಬ ಎಂಬವರದು. ಎಪ್ಪತ್ತು ದಾಟಿದ ಮನುಷ್ಯ, ನೀರು ಹಾಯಿಸುತ್ತಿದ್ದರು. ಫೋಟೋ ತೋರಿಸಿದೆ. ನೋಡಿ ತಲೆಯಾಡಿಸಿದರು. "ಮಾರಿ ನಾ ಹೇಳಲಾರೆನವ್ವಾ" ಅಂದರು. "ನಾ ನೋಡಿದಾಗ ಮಾರಿ ಗುರ್ತ ಹಿಡಿಯೂವಂಗ ಇರಲಿಲ್ಲ."

ಬದುವಿನ ಮೇಲೆ ಕೂತೆ. ಅವರೂ ಗುದ್ದಲಿ ಇಟ್ಟು ದೂರದಲ್ಲಿ ಕೂತರು. ಆಮೇಲೆ ಹೇಳಿದರು. ನೀರು ಇಳಿದ ಮೇಲೆ ಅವರ ಹೊಲದ ಜಾಲಿಯ ಕಂಟಿಯಲ್ಲಿ ಒಬ್ಬರು ಸಿಕ್ಕಿಕೊಂಡಿದ್ದರಂತೆ. ನಾಲ್ಕೂ ಕಡೆ ರಸ್ತೆ ಕಿತ್ತುಹೋಗಿತ್ತು, ಬರುವವರಿಲ್ಲ, ಹೋಗುವವರಿಲ್ಲ. ಮೂರು ದಿನ ಕಾದು, ಊರ ಹಿರಿಯರು ನಾಲ್ವರನ್ನು ಕರೆದು ಅಲ್ಲೇ ಹೊಲದ ತಲೆಗೆ ಮಣ್ಣು ಕೊಟ್ಟರಂತೆ.

"ಯಾವ ಜಾತಿ ಅಂತ ತಿಳೀಲಿಲ್ರಿ," ಅಂದರು. "ನಮ್ಮ ಮಂತ್ರ ಹೇಳಿದ್ರ ನಡೀತೈತೋ ಇಲ್ಲೋ ಅಂತ ವಿಚಾರ ಬಂತು. 'ನನ್ನ ಅಣ್ಣಾ, ನಿನ್ನ ಮನಿಯವರು ಬರೂತನಕಾ ಇಲ್ಲೇ ಇರು' ಅಂತ ಅಷ್ಟ ಹೇಳಿ ಮಣ್ಣ ಹಾಕಿದೆ."

ನಾನು ಏನೂ ಸುಳಿವು ಕೊಡದೆ ಕೇಳಿದೆ: "ಮೈಮ್ಯಾಲ ಏನರ ಗುರ್ತ ಇತ್ತೇನ್ರಿ?"

"ಎಡಗಾಲಾಗ ಕಿರಿಬೆರಳ ಇರಲಿಲ್ಲವ್ವಾ. ಹಳೇ ಗಾಯ, ಮಾಯ್ದಿತ್ತು."

ಮದುವೆಯಾದ ವರ್ಷ ಕುಂಟೆಗೆ ಸಿಕ್ಕು ಹೋದ ಬೆರಳು ಅದು. ನಿನಗೆ ಗೊತ್ತು, ನೀನೇ ದವಾಖಾನೆಗೆ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿದ್ದೆ.

ಅಷ್ಟರಲ್ಲಿ ಅವರೇ ಇನ್ನೊಂದು ಮಾತು ಹೇಳಿದರು. "ಬೆನ್ನಿಗೆ ಒಂದ ಗಂಟ ಬಿಗದ ಕಟ್ಟಿದ್ರು. ಹಸರ ಸೀರಿ ತುಂಡು. ಬಿಚ್ಚಿದ್ರ ಜ್ವಾಳ. ತೊಯ್ದ ಮೊಳಕಿ ಒಡದಿದ್ವು. ಚೆಲ್ಲಾಕ ಮನಸ ಆಗಲಿಲ್ಲ. ಅಲ್ಲೇ ಮಣ್ಣಿನ ಮ್ಯಾಲ ಉದರಸಿದೆ. ಆ ವರ್ಷ ಆಳೆತ್ತರ ಬೆಳೀತು."

ಕಳಕಪ್ಪಾ, ಅವರು ಮನೆ ಮುಟ್ಟಿದ್ದರು. ತೊಲೆಗೆ ಕಟ್ಟಿದ್ದನ್ನು ಬಿಚ್ಚಿ ಬೆನ್ನಿಗೆ ಕಟ್ಟಿಕೊಂಡಿದ್ದರು. ತಿರುಗಿ ನಮ್ಮ ಕಡೆ ಬರುತ್ತಿದ್ದರು.

ನಾನು ಅತ್ತೆ. ಐದು ವರ್ಷ ಒಂಬತ್ತು ತಿಂಗಳು ಒಂದು ಹನಿ ಹಾಕಿರಲಿಲ್ಲ. ಅತ್ತರೆ ಅವರು ಸತ್ತರು ಎಂದು ನಾನೇ ಒಪ್ಪಿದಂತೆ ಎಂದು ಹಿಡಿದುಕೊಂಡಿದ್ದೆ. ಜಂಗ್ಲಿಸಾಬರ ಹೆಂಡತಿ ಬಂದು ಕೂತು ಬೆನ್ನು ಸವರಿದರು. ರೊಟ್ಟಿ, ಎಣಗಾಯಿ ಪಲ್ಯ ಹಾಕಿದರು. ಎರಡು ರೊಟ್ಟಿ ತಿಂದೆ.

ನಿನಗೆ ಬರೆದ ಮಾತು ಉಳಿಸಿಕೊಳ್ಳುತ್ತೇನೆ. ನಾನೇ ಹೇಳುತ್ತೇನೆ: ನಿನ್ನ ಮಾವ ತೀರಿಕೊಂಡಿದ್ದಾರೆ.

ಅಡಿವೆವ್ವ


ಗಜೇಂದ್ರಗಡ
30 ಮೇ 2025

ಅಕ್ಕ,

ಗುರುವಾರ ಜಂಗ್ಲಿಸಾಬರ ಹೊಲಕ್ಕೆ ಹೋಗಿ ಬಂದೆ. ಮಾವನ ಕಾಲ ಬಳಿ ಒಂದು ಗಂಟೆ ಕೂತೆ. ಅಲ್ಲಿ ನನಗೆ ಯಾವ ಆಣೆಯೂ ಇರಲಿಲ್ಲ, ಬಾಯಿಬಿಟ್ಟು ಮಾತಾಡಿದೆ. ಜಂಗ್ಲಿಸಾಬರ ಕಾಲು ಮುಟ್ಟಲು ಬಾಗಿದಾಗ ಅವರು ನನ್ನ ಕೈ ಹಿಡಿದುಕೊಂಡರು. "ಮಾಸ್ತರ, ಹಡದವರು ಕಟಗೊಂಡವರು ಬರ್ತಾರಂತ ಕಾದಿದ್ದೆ. ನನಗೂ ಈಗ ಹಗುರ ಆತು" ಅಂದರು.

ಈ ಸಲ ಮಳೆ ಲಗೂ ಹಿಡಿದಿದೆ. ನಮ್ಮ ಹೊಳೆಗೆ ಮೇಲೆ ಕಟ್ಟಿದ ನವಿಲುತೀರ್ಥದ ಡ್ಯಾಮಿಗೆ ನೀರು ಬರತೊಡಗಿದೆ ಎಂದು ಕೇಳಿದೆ. ಯಾವಾಗ ಏರುತ್ತೀ ಎಂದು ಕೇಳುವುದಿಲ್ಲ. ಏರುವ ದಿನ ಸಾಮಾನು ಹೊರಲು ಕರೆ. ಬಳೆಯ ಮಾತನ್ನು ನಾನು ಎತ್ತುವುದಿಲ್ಲ, ಬೇರೆಯವರು ಎತ್ತಿದರೆ ನನ್ನ ಕಡೆಗೆ ಕಳಿಸು.

ಆ ಕಲ್ಲು ಈಗ ಎಷ್ಟೋ ದೂರ ಹೋಗಿದೆ. 2028ರಲ್ಲಿ ಹತ್ತಿರ ಬಂದಾಗ ಮತ್ತೆ ನೋಡುತ್ತಾರಂತೆ. ಮಠದ ಮುದುಕನ ಫೋಟೋ ಹಿಡಿದು ನಾನು ಇನ್ನೂ ನಾಲ್ಕು ಊರು ತಿರುಗಬೇಕು.

ಕಳಕಪ್ಪ


ದಿನ್ನೆ ಮನೆಗಳು, ಕೊಣ್ಣೂರು
14 ಜೂನ್ 2025

ತಮ್ಮ ಕಳಕಪ್ಪನಿಗೆ,

ವಿಳಾಸ ನೋಡಿದೆಯಲ್ಲ. ಕಾರಹುಣ್ಣಿಮೆಯ ಮರುದಿನ ಏರಿದೆ. ನಿನ್ನನ್ನು ಕರೆಯಲಿಲ್ಲ. ನಿನ್ನ ಸೊಂಟ ಎಂಥದೆಂದು ಬಸ್ಸಿನಲ್ಲಿ ನೋಡಿದ್ದೇನೆ. ಓಣಿಯ ಹೆಣ್ಣುಮಕ್ಕಳೇ ಟ್ರ್ಯಾಕ್ಟರಿಗೆ ಹೇರಿದರು. ಹಾಲು ಉಕ್ಕಿಸಿದೆ. ಗೋಡೆಗೆ ಸುಣ್ಣ ಸಾಲದು, ಮೂಲೆಯಲ್ಲಿ ಹನಿ ಸೋರುತ್ತದೆ, ಬಚ್ಚಲಿನ ಇಳಿಜಾರು ಉಲ್ಟಾ ಇದೆ. ಎಲ್ಲವನ್ನೂ ಪಂಚಾಯ್ತಿಗೆ ಬರೆದು ಕೊಟ್ಟಿದ್ದೇನೆ. ಸರಿ ಮಾಡುವ ತನಕ ಬಿಡುವವಳಲ್ಲ.

ಅವರನ್ನು ಅಲ್ಲಿಂದ ಎತ್ತುವುದು ಬೇಡವೆಂದು ಜಂಗ್ಲಿಸಾಬರಿಗೆ ಹೇಳಿ ಬಂದೆ. ಅಣ್ಣ ಎಂದು ಕರೆದು ಇಟ್ಟುಕೊಂಡವರ ಹೊಲದಲ್ಲಿ ಇರಲಿ. ಹಿಂಗಾರಿಗೆ ಆ ಜಾಗದಲ್ಲಿ ನಾನೇ ಜೋಳ ಬಿತ್ತಿ ಬರುತ್ತೇನೆ.

ಹೊಳೆವ್ವ ಬಂದಿದ್ದಳು. ಬಹಳ ಹೊತ್ತು ನನ್ನ ಕೈಯನ್ನೇ ನೋಡುತ್ತಾ ಕೂತು, ಕಡೆಗೆ ಕೇಳಿದಳು: "ಈಗರ ತಗೀತಿಯೇನವಾ?" ನಾನು ಅಂದೆ: "ಅವ್ರು ತೀರಿಕೊಂಡಾರಂತ ಊರಿಗೆ ಹೇಳೀನಿ, ತಿಥಿ ಮಾಡೀನಿ, ಅತ್ತೀನಿ. ಬಳಿ ನನ್ನವು. ಮುರದ್ರ ಹೊಸಾವು ಇಟಗೋತೇನಿ." ಹೊಳೆವ್ವ ಎಲೆ ಅಡಿಕೆ ಕೇಳಿದಳು. ಕೊಟ್ಟೆ.

ಆ ಕಲ್ಲನ್ನು 2028ರಲ್ಲಿ ಮತ್ತೆ ನೋಡಿದಾಗ ನನಗೆ ತಪ್ಪದೆ ಬರೆ. ಮುದುಕನ ಫೋಟೋದ ಒಂದು ಪ್ರತಿ ಕಳಿಸು, ಉಳಿದ ನಾಲ್ಕು ಊರಿಗೆ ನಾನೂ ಬರುತ್ತೇನೆ. ಗುರುವಾರ, ಎಂಟು ಗಂಟೆಗೆ.

ಇನ್ನೊಂದು ಸಂಗತಿ ಯಾರಿಗೂ ಹೇಳಿಲ್ಲ, ನಿನಗೆ ಬರೆಯುತ್ತೇನೆ. ಕೆಳಗಿನ ಮನೆಯಲ್ಲಿ ಇಷ್ಟು ವರ್ಷ ನಾನು ಒಂದು ದಿನವೂ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅವರು ಬಂದು ತಟ್ಟಿ, ನನಗೆ ಕೇಳಿಸದೆ, ತಿರುಗಿ ಹೋದರೆ ಎಂದು. ನಾಯಿ ಬಂದು ಹೋಯಿತು, ಬೆಕ್ಕು ಮರಿ ಹಾಕಿತು, ಒಮ್ಮೆ ಕಳ್ಳನೂ ಬಂದು ಕಂಚಿನ ತಂಬಿಗೆ ಒಯ್ದ. ಹಾಕಲಿಲ್ಲ.

ನಿನ್ನೆ ಉಂಡು, ತಾಟು ತೊಳೆದಿಟ್ಟು, ಬಾಗಿಲು ಮುಚ್ಚಿ ಚಿಲಕ ಹಾಕಿದೆ. ಹೊಸ ಚಿಲಕ, ಬಿಗಿಯಾಗಿದೆ, ಎರಡೂ ಕೈ ಹಚ್ಚಿ ಒತ್ತಬೇಕಾಯಿತು.

ನಿನ್ನ ಅಕ್ಕ,
ಅಡಿವೆವ್ವ